ರಿಫಾದ ಅವರೆಕಾಳು

ಬಹರೈನಿನಲ್ಲಿ ಆಗ ನಮ್ಮ ಕಡೆಯ ತರಕಾರಿಯೆಲ್ಲ ಸಿಗುತ್ತಿರಲಿಲ್ಲ. ಬೆಂಡೆ, ಬದನೆ, ತೊಂಡೆ ಇದ್ದವು. ನುಗ್ಗೆಕಾಯಿ, ಕರಿಬೇವು ಮಲಯಾಳಿಗಳ ಅಂಗಡಿಯಲ್ಲಿ ದೊರೆಯುತ್ತಿದ್ದವು. ಅವರೆಕಾಯಿ ಮಾತ್ರ ಎಲ್ಲೂ ಕಂಡಿರಲಿಲ್ಲ. ಎರಡು ಸಾವಿರದ ದಶಕದ ನಡುವಿನ ಮಾತು ಇದು. ಗಲ್ಫಿನಲ್ಲಿ ಬೆಳೆದ ನನ್ನ ಓರಗೆಯವರಿಗೆ ಇಂಥ ಕೊರತೆಗಳು ಚೆನ್ನಾಗಿ ನೆನಪಿರುತ್ತವೆ. ಊರಿನಲ್ಲಿ ಬೇಲಿಯ ಮೇಲೆ ಬೆಳೆಯುವುದಕ್ಕೂ ಅಲ್ಲಿ ಬಾಯಿ ಬಿಡಬೇಕಾಗುತ್ತಿತ್ತು.

ನಾವು ರಿಫಾ ಪಟ್ಟಣದಲ್ಲಿ ಎರಡನೇ ಮಹಡಿಯ ಫ್ಲಾಟಿನಲ್ಲಿದ್ದೆವು. ಅಪ್ಪ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ಮನೆಯಲ್ಲಿ ಪ್ರತಿಯೊಂದಕ್ಕೂ ಹೊತ್ತು ಗೊತ್ತಾಗಿತ್ತು: ಏಳುವ ಹೊತ್ತು, ಓದುವ ಹೊತ್ತು, ಉಗುರು ಕತ್ತರಿಸುವ ವಾರ. ಊಟಕ್ಕೆ ಮೊದಲು ಕೈ ತೊಳೆದು ಅಪ್ಪನಿಗೆ ತೋರಿಸಬೇಕು. ನಾನು ಹಿರಿಯವಳು, ಎಂಟನೇ ತರಗತಿಯಲ್ಲಿದ್ದೆ. ಅಪ್ಪನಿಲ್ಲದ ಹೊತ್ತಿನಲ್ಲಿ ಈ ಶಿಸ್ತನ್ನೆಲ್ಲ ನಡೆಸುವ ಅಧಿಕಾರ ನನ್ನದು. ನಡೆಸಬೇಕಾಗಿದ್ದದ್ದು ಒಬ್ಬನ ಮೇಲೆ, ನನ್ನ ತಮ್ಮ ಪ್ರಣವನ ಮೇಲೆ. ಅವನಿಗೆ ಏಳು ವರ್ಷ. ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ಆ ಚಳಿಗಾಲದಲ್ಲಿ ಅಮ್ಮನ ಅವ್ವ, ನಮ್ಮ ಅಜ್ಜಿ, ವಿಸಿಟ್ ವೀಸಾದ ಮೇಲೆ ಮಂಡ್ಯದ ಕಡೆಯಿಂದ ಬಂದರು. ಅವರಿಗೆ ಅದೇ ಮೊದಲ ವಿಮಾನಯಾನ. ಪೆಟ್ಟಿಗೆಯಲ್ಲಿ ಹುರಳಿಹಿಟ್ಟು, ಹುಣಸೆಹಣ್ಣು, ನಮ್ಮಿಬ್ಬರಿಗೂ ಒಂದೊಂದು ಕಂಬಳಿ. ಅವರೆಕಾಯಿ ತರಲು ಹೊರಟಿದ್ದರಂತೆ, ದಾರಿಯಲ್ಲಿ ಕೊಳೆಯುತ್ತದೆಂದು ಅಪ್ಪ ಫೋನಿನಲ್ಲೇ ಬೇಡವೆಂದಿದ್ದರು. ಅಜ್ಜಿ ಬಂದ ದಿನದಿಂದ ಅದೊಂದೇ ಕೊರಗು.

"ಸಂಕ್ರಾಂತಿ ಹತ್ರ ಬಂತು. ಹಿತಕವರೆ ಸಾರಿಲ್ದೆ ಚಳಿಗಾಲ ಕಳೆಯೋದಾ ಗೀತ?" ಎಂದು ಅಮ್ಮನನ್ನು ಕೇಳುತ್ತಿದ್ದರು.

ಅವರೆಕಾಳನ್ನು ನೀರಿನಲ್ಲಿ ನೆನೆಹಾಕಿ, ಒಂದೊಂದನ್ನೇ ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಒತ್ತಿದರೆ ಸಿಪ್ಪೆ ಕೈಯಲ್ಲುಳಿದು ಬೇಳೆ ಚಿಮ್ಮುತ್ತದೆ. ಅದೇ ಹಿತಕವರೆ. ನಮ್ಮ ಸೀಮೆಯವರಿಗೆ ವಿವರಿಸಬೇಕಾಗಿಲ್ಲ.

ಒಂದು ಶುಕ್ರವಾರ ಬೆಳಗ್ಗೆ ಅಮ್ಮ ಮತ್ತು ಅಜ್ಜಿ ತರಕಾರಿ ಮಾರುಕಟ್ಟೆಗೆ ಹೋದರು. ಅಪ್ಪ ಕಾರಿನಲ್ಲೇ ಕುಳಿತು ಪೇಪರ್ ಓದಿದರು. ಅಜ್ಜಿ ಹಿಂದಿರುಗಿದ್ದು ಗೆದ್ದವರ ಹಾಗೆ. ಚೀಲದ ತುಂಬ ಹಸಿರು ಕಾಯಿ.

"ಅವರೆ ಸಿಕ್ತು ಕಣವ್ವ ಸುರ್ತಿ," ಎಂದರು. ನನ್ನ ಹೆಸರು ಶ್ರುತಿ. ಅಜ್ಜಿಯ ಬಾಯಲ್ಲಿ ಕೊನೆಯವರೆಗೂ ಸುರ್ತಿಯೇ.

ಅಮ್ಮನಿಗೆ ಸ್ವಲ್ಪ ಅನುಮಾನವಿತ್ತು. "ಕಾಯಿ ಇಷ್ಟು ದಪ್ಪ ಇರುತ್ತಾ ಅವ್ವ?"

"ಈ ದೇಶದಲ್ಲಿ ಕಾರೂ ದೊಡ್ಡವು, ಕಾಳೂ ದೊಡ್ಡವು. ಸುಲಿ ನೀನು."

ಸುಲಿದೆವು. ಸಿಪ್ಪೆಯ ಒಳಗೆ ಹತ್ತಿ ಹಾಸಿದ ಹಾಗೆ ಬಿಳಿಯ ಮೆತ್ತೆ, ಅದರ ಮೇಲೆ ಮಲಗಿದ ದಪ್ಪ ದಪ್ಪ ಕಾಳು. ಅಜ್ಜಿ ಒಂದು ಕಾಯಿಯನ್ನು ಮುರಿದು ಮೂಸಿದರು. ಇನ್ನೊಂದನ್ನೂ ಮೂಸಿದರು.

"ಸೊಗಡೇ ಇಲ್ವಲ್ಲ," ಎಂದರು. ಮತ್ತೆ ತಾವೇ ಸಮಾಧಾನ ಹೇಳಿಕೊಂಡರು. "ಮಂಜು ಬಿದ್ರೆ ತಾನೆ ಸೊಗಡು? ಇಲ್ಲಿ ಮರಳು ಬೀಳ್ತದೆ."

ಸಂಜೆ ನಡುಮನೆಯಲ್ಲಿ ಚಾಪೆ ಹಾಸಿ, ನೆನೆದ ಕಾಳಿನ ಬೇಸಿನ್ ನಡುವೆ ಇಟ್ಟು ನಾಲ್ವರೂ ಸುತ್ತ ಕುಳಿತೆವು. ಕೆಳಗಿನ ಮನೆಯವರು ಲೋಬಾನ ಹಾಕಿದ್ದರು, ಅದರ ಹೊಗೆ ಮೆಟ್ಟಿಲೇರಿ ಬಂದಿತ್ತು. ಹೊರಗೆ ಗಾಳಿ. ಪ್ರಣವನಿಗೆ ಅದು ಆಟವಾಗಿಬಿಟ್ಟಿತು. ಕಾಳನ್ನು ನನ್ನ ಮೂಗಿಗೆ ಗುರಿಯಿಟ್ಟು ಹಿತಕುವನು. ಬೇಳೆ ಚಿಮ್ಮಿ ಬಂದು ಕನ್ನಡಕಕ್ಕೆ ತಗಲುತ್ತಿತ್ತು.

"ಪ್ರಣವ್, ಊಟದ ವಸ್ತು. ಆಟ ಬೇಡ," ಎಂದೆ.

"ಅಕ್ಕ, ಯು ಆರ್ ನಾಟ್ ಡ್ಯಾಡಿ."

"ಸರಿಯಾಗ್ ಅಂದೆ ಮರಿ," ಎಂದು ಅಜ್ಜಿ ಅವನ ಪಕ್ಷ ವಹಿಸಿದರು. "ಇವ್ಳು ಅಪ್ಪನಿಗಿಂತ ಒಂದು ಕೈ ಮೇಲವ್ಳೆ. ನೀ ಹಿತುಕ್ಲಾ."

ಅವನು ಹಿತಕುತ್ತ ಹಿತಕುತ್ತ ಹಸಿ ಬೇಳೆಯನ್ನೇ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಊರಿನಲ್ಲಿ ಮಕ್ಕಳೆಲ್ಲ ಹಾಗೆ ತಿನ್ನುತ್ತಾರೆ, ಯಾರೂ ತಡೆಯುವುದಿಲ್ಲ. ರಾತ್ರಿ ಸಾರಿಗೆ ಇಂಗು ಬೆಳ್ಳುಳ್ಳಿಯ ಒಗ್ಗರಣೆ ಬಿದ್ದಾಗ ಮನೆಯೆಲ್ಲ ಊರಾಯಿತು. ಅಪ್ಪ ಊಟದ ಹೊತ್ತು ಮೀರಿದ್ದಕ್ಕೂ ಏನೂ ಅನ್ನದೆ ಎರಡನೇ ಸಲ ಬಡಿಸಿಕೊಂಡರು. ಮರುದಿನ ಅದೇ ಕಾಳಿನ ಉಪ್ಪಿಟ್ಟು.

ಭಾನುವಾರ ಪ್ರಣವ ಶಾಲೆಯಿಂದ ಬಂದವನು ಆಡಲು ಇಳಿಯಲಿಲ್ಲ. ಬೆನ್ನು ನೋವೆಂದ. ಸೋಫಾದ ಮೇಲೆ ಮುದುರಿಕೊಂಡ. ಸೋಮವಾರ ಬೆಳಗ್ಗೆ ಬಚ್ಚಲಿನಿಂದ ನನ್ನನ್ನು ಕೂಗಿದ. ಹೋಗಿ ನೋಡಿದರೆ ಅವನ ಮೂತ್ರ ಕಪ್ಪು ಚಹಾದ ಬಣ್ಣಕ್ಕಿತ್ತು. ಬೆಳಕಿಗೆ ಕರೆತಂದು ಮುಖ ನೋಡಿದೆ. ಕಣ್ಣಿನ ಬಿಳಿ ಹಳದಿಯಾಗಿತ್ತು. ತುಟಿಯಲ್ಲಿ ರಕ್ತವೇ ಇದ್ದ ಹಾಗಿರಲಿಲ್ಲ.

ಅಪ್ಪ ಅಮ್ಮ ಅವನನ್ನು ಹತ್ತಿರದ ಒಂದು ಕ್ಲಿನಿಕ್ಕಿಗೆ ಕರೆದೊಯ್ದರು. ಅಲ್ಲಿದ್ದ ವೈದ್ಯರು ತಮಿಳುನಾಡಿನವರು, ನಿಧಾನಸ್ಥರು. ಕಾಮಾಲೆ ಇರಬಹುದು, ರಕ್ತ ಪರೀಕ್ಷೆಯ ಫಲ ನಾಳೆ ಬರುತ್ತದೆ, ಅಲ್ಲಿಯವರೆಗೆ ಎಣ್ಣೆ ಖಾರ ಬೇಡ, ಹಗುರಾದ ಊಟ ಕೊಡಿ ಎಂದರು.

"ಅವರೆಕಾಳಿನ ಕಟ್ಟು ಕೊಡಬಹುದಾ ಡಾಕ್ಟರೇ?" ಎಂದು ಅಮ್ಮ ಕೇಳಿದರು.

"ಅವರೆಯಾ? ನಮ್ಮ ಊರಲ್ಲೂ ಅವರೈ ಅಂತಾರೆ. ಕೊಡಿ, ಶಕ್ತಿ ಬರುತ್ತೆ," ಎಂದು ಅವರು ಹೇಳಿದರು.

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅವರಿಗೆ ಗೊತ್ತಿದ್ದ ಅವರೆ ಬೇರೆ, ನಮ್ಮ ಅಡುಗೆಮನೆಯಲ್ಲಿ ಬೇಯುತ್ತಿದ್ದ ಕಾಳು ಬೇರೆ. ಹೆಸರು ಮಾತ್ರ ಒಂದೇ. ಅಜ್ಜಿ ಉಳಿದ ಕಾಳನ್ನು ಒಗ್ಗರಣೆಯಿಲ್ಲದೆ ಬೇಯಿಸಿ, ಕಟ್ಟು ಬಸಿದು, ಕಾಳನ್ನು ಕಿವಿಚಿ ಹಾಕಿ ಹೊತ್ತುಹೊತ್ತಿಗೆ ಕುಡಿಸಿದರು. ಪ್ರಣವ ಬೇಡವೆಂದು ಮುಖ ತಿರುಗಿಸಿದರೆ ನಾನು ಲೋಟ ಹಿಡಿದು ನಿಲ್ಲುತ್ತಿದ್ದೆ. ಪಥ್ಯವೆಂದರೆ ಪಥ್ಯ.

ಮಂಗಳವಾರ ಅವನು ಮಂಚದಿಂದ ಇಳಿಯಲು ಹೋಗಿ ಕುಸಿದ. ಎದೆಯ ಮೇಲೆ ಕೈಯಿಟ್ಟರೆ ಓಡಿ ಬಂದವನ ಹಾಗೆ ಹೃದಯ ಬಡಿಯುತ್ತಿತ್ತು. ಕ್ಲಿನಿಕ್ಕಿನಿಂದ ಫೋನು ಬಂದದ್ದೂ ಅದೇ ಹೊತ್ತಿಗೆ. ರಕ್ತ ತೀರ ಕಡಿಮೆಯಾಗಿದೆ, ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಿ ಎಂದರು. ಎಲ್ಲರೂ ಹೊರಟೆವು. ಅಜ್ಜಿ ಮಧ್ಯಾಹ್ನದ ಕಟ್ಟನ್ನು ಸ್ಟೀಲ್ ಡಬ್ಬಿಗೆ ತುಂಬಿ ಮಡಿಲಲ್ಲಿಟ್ಟುಕೊಂಡರು.

ಮಕ್ಕಳ ವಾರ್ಡಿನಲ್ಲಿ ಅವನನ್ನು ನೋಡಿದವರು ಬಹರೈನಿನವರೇ ಆದ ವೈದ್ಯೆ. ತಲೆಗೆ ಕಪ್ಪು ವಸ್ತ್ರ, ಮೆಲುದನಿ. ಇಂಗ್ಲಿಷಿನಲ್ಲಿ ಮಾತಾಡಿದರು, ನಡುವೆ ಹಿಂದಿಯ ಒಂದೆರಡು ಪದ ಸೇರಿಸುತ್ತಿದ್ದರು. ಕಣ್ಣಿನ ರೆಪ್ಪೆ ಎಳೆದು ನೋಡಿದರು, ಹೊಟ್ಟೆ ಒತ್ತಿ ನೋಡಿದರು, ಮೂತ್ರದ ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಆಮೇಲೆ ಅಮ್ಮನ ಕಡೆ ತಿರುಗಿದರು.

"ಬಾಜಿಲ್ಲ ತಿಂದನಾ? ಫೂಲ್?"

ಆ ಎರಡೂ ಅರಬಿ ಪದ ಅಮ್ಮನಿಗೆ ಹೊಸತು. "ನೋ ಡಾಕ್ಟರ್. ಹೊರಗಿನದು ಏನೂ ಕೊಡಲ್ಲ ನಾವು. ಮನೆ ಊಟ ಮಾತ್ರ." ಅದನ್ನು ಹೇಳುವಾಗ ಅಮ್ಮನ ದನಿಯಲ್ಲಿ ಸ್ವಲ್ಪ ಹೆಮ್ಮೆಯಿತ್ತು. ನನಗೂ ಇತ್ತು.

"ಬೇರೆ ಔಷಧಿ? ಊರಿನ ಔಷಧಿ?"

"ಇಲ್ಲ."

ವೈದ್ಯೆ ಅಪ್ಪನನ್ನು ಪಕ್ಕಕ್ಕೆ ಕರೆದರು. ನಾನೂ ಹೋಗಿ ನಿಂತೆ. ಮಗುವಿನ ದೇಹದಲ್ಲಿ ರಕ್ತದ ಕೆಂಪು ಕಣಗಳು ಒಡೆಯುತ್ತಿವೆ ಎಂದರು. ರಕ್ತ ಕೊಡುತ್ತೇವೆ. ಆದರೆ ಒಡೆಯುವಂತೆ ಮಾಡುತ್ತಿರುವುದು ಯಾವುದೆಂದು ಗೊತ್ತಾಗಬೇಕು. ಅದು ಒಳಗೆ ಹೋಗುತ್ತಲೇ ಇದ್ದರೆ ನಾವು ಒಂದು ಕಡೆಯಿಂದ ತುಂಬುತ್ತಿರುತ್ತೇವೆ, ಅದು ಇನ್ನೊಂದು ಕಡೆಯಿಂದ ಒಡೆಯುತ್ತಿರುತ್ತದೆ. ಮೂತ್ರಪಿಂಡ ಎಷ್ಟು ತಡೆದೀತು? ಅಪ್ಪ ಎಲ್ಲಕ್ಕೂ ತಲೆಯಾಡಿಸಿದರು. ಕೈಗಳು ಮಾತ್ರ ಪ್ಯಾಂಟಿನ ಜೇಬು ಹುಡುಕಿ ಹುಡುಕಿ ಹೊರಬರುತ್ತಿದ್ದವು. ಅಪ್ಪನಿಗೆ ಏನು ಮಾಡಬೇಕೆಂದು ತೋಚದಿದ್ದದ್ದನ್ನು ನಾನು ಕಂಡದ್ದು ಅದೇ ಮೊದಲು.

ಕೈಗೆ ಸೂಜಿ ಚುಚ್ಚಬೇಕಿತ್ತು. ಪ್ರಣವ ಕೈ ಹಿಂದೆಗೆದುಕೊಂಡ. ವೈದ್ಯೆ ಮಂಚದ ಅಂಚಿಗೆ ಕುಳಿತು ಮಾತಿಗೆಳೆದರು.

"ಹಬೀಬಿ, ರಜೆಯಲ್ಲಿ ಏನು ಆಟ ಆಡಿದೆ? ಫುಟ್ಬಾಲ್?"

"ನೋ."

"ಮತ್ತೆ?"

"ಶೂಟಿಂಗ್. ಅಕ್ಕನ ಮೇಲೆ."

"ಬಂದೂಕಿನಿಂದಲಾ?"

ಅವನು ಇನ್ನೊಂದು ಕೈಯನ್ನು ಕಷ್ಟದಿಂದ ಎತ್ತಿ, ಹೆಬ್ಬೆರಳು ತೋರುಬೆರಳುಗಳನ್ನು ಜೋಡಿಸಿ ಒತ್ತಿದ. "ಲೈಕ್ ದಿಸ್. ಇಟ್ ಪಾಪ್ಸ್ ಔಟ್."

ವೈದ್ಯೆ ಅವನ ಬೆರಳುಗಳನ್ನೇ ನೋಡುತ್ತ ಕುಳಿತರು. ಆಮೇಲೆ ತಮ್ಮ ಎರಡು ಬೆರಳುಗಳಿಂದ ಅದೇ ಅಭಿನಯ ಮಾಡಿದರು. ಒತ್ತಿದ ಬೆರಳನ್ನು ತುಟಿಯ ಹತ್ತಿರ ಒಯ್ದರು, ಏನನ್ನೋ ಬಾಯೊಳಕ್ಕೆ ಚಿಮ್ಮಿಸಿಕೊಂಡವರ ಹಾಗೆ. ಬಹರೈನಿನವರು ಬೆಂದ ಬಾಜಿಲ್ಲ ಕಾಳನ್ನು ತಿನ್ನುವ ರೀತಿ ಅದು. ಸಿಪ್ಪೆ ಬೆರಳಲ್ಲಿ, ಬೇಳೆ ಬಾಯಲ್ಲಿ. ನನಗೆ ಅದು ತಿಳಿದದ್ದು ಆಮೇಲೆ.

ಅಜ್ಜಿಗೆ ಇಂಗ್ಲಿಷೂ ಬರುತ್ತಿರಲಿಲ್ಲ, ಅರಬಿಯೂ ಬರುತ್ತಿರಲಿಲ್ಲ. ಆದರೆ ಈ ಬೆರಳಿನ ಮಾತು ಅವರಿಗೆ ತಕ್ಷಣ ಗೊತ್ತಾಯಿತು. ಮುಖ ಅರಳಿತು. ಮಡಿಲಿನ ಡಬ್ಬಿಯ ಮುಚ್ಚಳ ತೆಗೆದು, ಚಮಚ ಸಮೇತ ವೈದ್ಯೆಯ ಮುಂದೆ ಹಿಡಿದರು.

"ತಗೊ ತಾಯಿ, ಇನ್ನೂ ಬಿಸಿ ಐತೆ. ಇವನಿಗೇ ಅಂತ ಮಾಡಿದ್ದು."

ವೈದ್ಯೆ ಡಬ್ಬಿಯೊಳಗೆ ನೋಡಿದರು. ಕಿವಿಚದೆ ಉಳಿದಿದ್ದ ಒಂದು ಕಾಳನ್ನು ಚಮಚದಿಂದ ಎತ್ತಿ ನೋಡಿದರು. ಅಜ್ಜಿಯ ಕೈಯಿಂದ ಡಬ್ಬಿಯನ್ನು ತೆಗೆದುಕೊಂಡು ಮೆಲ್ಲಗೆ ಮುಚ್ಚಳ ಹಾಕಿದರು. "ಬಾಜಿಲ್ಲ," ಎಂದರು, ಬಹಳ ಸಣ್ಣ ದನಿಯಲ್ಲಿ.

ಅಜ್ಜಿ ನನ್ನ ಕಡೆ ನೋಡಿದರು. "ಏನಂತೆ? ಬ್ಯಾಡ್ವಂತಾ?"

ವೈದ್ಯೆ ವಿವರಿಸಿದ್ದನ್ನು ಅಜ್ಜಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಅಮ್ಮ ಗೋಡೆಗೆ ತಲೆಯಿಟ್ಟಿದ್ದರು. ಅಪ್ಪ ರಕ್ತ ಕೊಡುವವರ ಕೋಣೆಯ ಕಡೆ ಓಡಿದ್ದರು. ಇದು ಅವರೆಯಲ್ಲ, ಬಾಜಿಲ್ಲವೆಂಬ ಬೇರೆ ಕಾಳು, ಇವನ ರಕ್ತ ಒಡೆಯುತ್ತಿರುವುದು ಇದರಿಂದಲೇ ಎಂದು ನಾನು ಹೇಳಿದೆ. ಅಜ್ಜಿ ಪೂರ್ತಿ ಕೇಳಿದರು. ಮಂಚದಿಂದ ದೂರ ಹೋಗಿ, ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ಕುಳಿತರು.

ಆ ಸಂಜೆ ರಕ್ತದ ಚೀಲ ತೂಗುಹಾಕಿದರು. ಮರುದಿನ ಇನ್ನೊಂದು. ನಾನು ಆ ಕೊಳವೆಯನ್ನೇ ನೋಡುತ್ತಿದ್ದೆ. ಆ ತಿಂಗಳೇ ಶಾಲೆಯಲ್ಲಿ ರಕ್ತದ ಪಾಠ ಆಗಿತ್ತು. ಕೆಂಪು ಕಣ ನಿಪ್ಪಟ್ಟಿನ ಹಿಟ್ಟನ್ನು ನಡುವೆ ಬೆರಳಿಂದ ಒತ್ತಿದ ಹಾಗಿರುತ್ತದೆ, ಶ್ವಾಸಕೋಶದಿಂದ ಆಮ್ಲಜನಕವನ್ನು ಹೊತ್ತು ಮೈಯೆಲ್ಲ ತಿರುಗುತ್ತದೆ, ನಾಲ್ಕು ತಿಂಗಳ ಹೊತ್ತಿಗೆ ಸವೆದು ಸಾಯುತ್ತದೆ, ಮೂಳೆಯ ಮಜ್ಜೆಯಲ್ಲಿ ಹೊಸದು ಹುಟ್ಟುತ್ತದೆ. ಪರೀಕ್ಷೆಯಲ್ಲಿ ಎಲ್ಲವನ್ನೂ ಬರೆದು ಪೂರ್ತಿ ಅಂಕ ಪಡೆದಿದ್ದೆ. ಅದು ನನ್ನ ತಮ್ಮನ ಒಳಗೂ ನಡೆಯುವ ಕೆಲಸವೆಂದು ಒಮ್ಮೆಯೂ ಅನ್ನಿಸಿರಲಿಲ್ಲ.

ಗುರುವಾರ ಅವನ ಮೂತ್ರ ತಿಳಿಯಾಯಿತು. ಶುಕ್ರವಾರ ಎದ್ದು ಕುಳಿತು, ಆಸ್ಪತ್ರೆಯ ಜೆಲ್ಲಿ ಚೆನ್ನಾಗಿಲ್ಲವೆಂದು ದೂರಿದ. ಅಪ್ಪ ಆ ದೂರನ್ನು ಕೇಳಿ ಹೊರಗೆ ಹೋಗಿ ಬಹಳ ಹೊತ್ತು ಒಳಗೆ ಬರಲಿಲ್ಲ.

ಆ ಬೆಳಗ್ಗೆಯೇ ವೈದ್ಯೆ ನಮ್ಮೆಲ್ಲರನ್ನೂ ಕೂರಿಸಿಕೊಂಡು ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದರು. ಅಜ್ಜಿಗೂ ತಿಳಿಯಬೇಕು, ನೀನು ಹೇಳುತ್ತ ಹೋಗು ಎಂದು ನನಗೆ ಹೇಳಿದರು. ಕೆಂಪು ಕಣದೊಳಗೆ ಅದನ್ನು ಕಾಯುವ ಒಂದು ಕಿಣ್ವ ಇರುತ್ತದೆ. ಇವನಲ್ಲಿ ಅದು ಹುಟ್ಟಿನಿಂದಲೇ ಕಡಿಮೆ. ದಿನನಿತ್ಯ ಏನೂ ತೊಂದರೆಯಿಲ್ಲ, ಓಡುತ್ತಾನೆ, ಆಡುತ್ತಾನೆ. ಆದರೆ ಈ ಕಾಳಿನಂಥ ಕೆಲವು ವಸ್ತುಗಳು ಒಳಗೆ ಹೋದರೆ ಕಾವಲಿಲ್ಲದ ಕಣ ಒಡೆದುಹೋಗುತ್ತದೆ. ಒಡೆದ ಕಣದ ಬಣ್ಣವೇ ಮೂತ್ರವನ್ನು ಕಪ್ಪು ಮಾಡಿತು, ಅದೇ ಬಣ್ಣ ಬದಲಾಗಿ ಕಣ್ಣನ್ನು ಹಳದಿ ಮಾಡಿತು. ಈ ದ್ವೀಪದಲ್ಲಿ ಇದು ಬಹಳ ಜನರಿಗಿದೆ, ಆದ್ದರಿಂದಲೇ ಮೊದಲು ಬಾಜಿಲ್ಲವನ್ನು ಕೇಳುತ್ತೇವೆ. ಹೆಚ್ಚಾಗಿ ಗಂಡುಮಕ್ಕಳಲ್ಲಿ ಕಾಣಿಸುತ್ತದೆ. ತಾಯಿಯಿಂದ ಬರುತ್ತದೆ, ಆದರೆ ತಾಯಿಗೆ ಗೊತ್ತೇ ಇರುವುದಿಲ್ಲ.

"ತಾಯಿಗೆ ಅವಳ ತಾಯಿಯಿಂದಲಾ?" ಎಂದು ಅಜ್ಜಿ ನನ್ನಿಂದ ಕೇಳಿಸಿದರು.

"ಬಂದಿರಬಹುದು."

ಇನ್ನೇನು ದೂರವಿಡಬೇಕೆಂದು ವೈದ್ಯೆ ಹೇಳುತ್ತ ಹೋದರು, ನಾನು ಕನ್ನಡಕ್ಕೆ ತರುತ್ತ ಹೋದೆ. ಬೀರುವಿನಲ್ಲಿಡುವ ನುಸಿಗುಳಿಗೆ ಬೇಡ. ಕೆಲವು ಮಾತ್ರೆಗಳು ಬೇಡ. ಮಲೇರಿಯಾಕ್ಕೆ ಕೊಡುವ ಮಾತ್ರೆಗಳಲ್ಲೂ ಕೆಲವು ಬೇಡ.

"ನಿಲ್ಸು," ಎಂದರು ಅಜ್ಜಿ. "ಅದನ್ನ ಇನ್ನೊಂದ್ಸಲ ಹೇಳು."

ಹೇಳಿದೆ.

"ಕೇಳು ಅವ್ರನ್ನ. ಚಳಿಜ್ವರದ ಮಾತ್ರೆ ತಿಂದ್ರೂ ಹಿಂಗೇ ಆಯ್ತದಾ? ಉಚ್ಚೆ ಕರ್ರಗೆ, ಕಣ್ಣು ಹಳ್ದಿ?"

ಅಮ್ಮ ತಟ್ಟನೆ "ಅವ್ವ" ಎಂದರು. ಅಜ್ಜಿ ಕೈಯೆತ್ತಿ ಸುಮ್ಮನಿರಿಸಿದರು.

ನಾನು ಕೇಳಿದೆ. ವೈದ್ಯೆ ಅಜ್ಜಿಯ ಮುಖವನ್ನು ನೋಡಿ, ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಯಾರಿಗೆ ಹಾಗಾಯಿತು ಎಂದರು.

ಅಜ್ಜಿ ಹೇಳಿದರು. ಅಮ್ಮ ಹುಟ್ಟುವುದಕ್ಕೆ ಮೊದಲು ಅವರಿಗೊಬ್ಬ ಮಗನಿದ್ದ. ನಾಲೆ ಬಯಲಿನ ಊರು, ಸೊಳ್ಳೆ, ಮನೆಮನೆಗೂ ಚಳಿಜ್ವರ. ಮಾತ್ರೆ ಕೊಡುವವರು ಬಂದು ಎಲ್ಲರಿಗೂ ಕೊಟ್ಟ ಹಾಗೆ ಅವನಿಗೂ ಕೊಟ್ಟರು. ಜ್ವರ ಬಿಟ್ಟಿತು, ಕಣ್ಣು ಹಳದಿಯಾಯಿತು. ಕಾಮಾಲೆಯೆಂದು ಪಥ್ಯ ಹಿಡಿಸಿದರು. ಮಗು ಹೋಳಿಗೆ ಬೇಕೆಂದು ಅತ್ತಿತು. ಅತ್ತೆಗೆ ಕಾಣದ ಹಾಗೆ ಅಜ್ಜಿ ಒಂದು ತುಂಡು ಹೋಳಿಗೆಗೆ ತುಪ್ಪ ಸವರಿ ಕೊಟ್ಟರು. ಮರುದಿನ ಮಗು ತೀರಿಕೊಂಡಿತು. ಪಥ್ಯ ಕೆಡಿಸಿ ಮಗನನ್ನು ಕೊಂದವಳು ಎಂದು ಅತ್ತೆ ಕೇರಿಯಲ್ಲಿ ನಿಂತು ಅಂದರು. ಆಮೇಲೆ ಕೇರಿಯೂ ಅಂದಿತು. ತಾತ ಅನ್ನಲಿಲ್ಲವಂತೆ. ಆದರೆ ಅಲ್ಲವೆಂದೂ ಹೇಳಲಿಲ್ಲವಂತೆ.

ನಾನು ಅದನ್ನು ಇಂಗ್ಲಿಷಿಗೆ ತರಲು ತಡವರಿಸಿದೆ. ಹೋಳಿಗೆಯನ್ನು ಸಿಹಿರೊಟ್ಟಿ ಎಂದೆ. ಪಥ್ಯಕ್ಕೆ ಪದ ಸಿಗಲಿಲ್ಲ. ವೈದ್ಯೆಗೆ ಅರ್ಥವಾಗಿತ್ತು.

"ಆ ಮಗುವಿನ ರಕ್ತ ನೋಡದೆ ನಾನು ಖಂಡಿತವಾಗಿ ಹೇಳಲಾರೆ," ಎಂದರು. "ಆದರೆ ಇದೇ ಇರಬಹುದು. ಒಂದು ಮಾತು ಮಾತ್ರ ಖಂಡಿತ, ಅಜ್ಜಿಗೆ ಸರಿಯಾಗಿ ಹೇಳು. ತುಪ್ಪ ಸವರಿದ ರೊಟ್ಟಿಯ ತುಂಡಿನಿಂದ ಯಾವ ಮಗುವೂ ಸಾಯುವುದಿಲ್ಲ."

ಹೇಳಿದೆ. ಅಜ್ಜಿ ಅಳಲಿಲ್ಲ.

"ಮಾತ್ರೆ ಕೊಟ್ಟೋರ್ಗೆ ಗೊತ್ತಿತ್ತಾ?"

"ಇಲ್ಲ. ಆಗ ಅಲ್ಲಿ ಯಾರಿಗೂ ಗೊತ್ತಿರಲಿಕ್ಕಿಲ್ಲ," ಎಂದರು ವೈದ್ಯೆ.

"ಹಂಗಾರೆ ಬುಡು," ಎಂದರು ಅಜ್ಜಿ. ಆಮೇಲೆ, "ಶಿವಲಿಂಗ ಅಂತ ಅವನ ಹೆಸ್ರು" ಎಂದರು. ಅಮ್ಮನಿಗೆ ಅಣ್ಣನೊಬ್ಬ ಇದ್ದದ್ದು ಗೊತ್ತಿತ್ತು. ಹೆಸರನ್ನು ಕೇಳಿದ್ದು ಅಂದೇ ಮೊದಲು.

ಸಂಕ್ರಾಂತಿ ಕಳೆದು ಸ್ವಲ್ಪ ದಿನಕ್ಕೆ ಅಜ್ಜಿ ಊರಿಗೆ ಹೊರಟರು. ಪ್ರಣವ ಅಷ್ಟು ಹೊತ್ತಿಗೆ ಬೀದಿಯಲ್ಲಿ ಕ್ರಿಕೆಟ್ ಆಡುತ್ತಿದ್ದ. ಮುಂದೆ ಮೈಸೂರಿನ ವೈದ್ಯರೊಬ್ಬರು, ನಮ್ಮ ಅವರೆ ಬೇರೆ ಜಾತಿಯ ಗಿಡ, ಅದರಿಂದ ಇವನಿಗೆ ಕೇಡಿಲ್ಲ ಎಂದರು. ಆದರೂ ಅಮ್ಮ ಅದನ್ನು ಮತ್ತೆ ಮನೆಯೊಳಗೆ ತರಲಿಲ್ಲ.

ನಾನೀಗ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತೇನೆ. ರಕ್ತದ ಪಾಠ ವರ್ಷವರ್ಷವೂ ಬರುತ್ತದೆ. ಒಡೆದ ಕಣಗಳ ಜಾಗಕ್ಕೆ ದೇಹ ತಾನಾಗಿ ಹೊಸ ಕಣಗಳನ್ನು ತಂದಿಡುತ್ತದೆ ಎಂದು ಮಕ್ಕಳಿಗೆ ಹೇಳುತ್ತೇನೆ, ನನ್ನ ತಮ್ಮನನ್ನು ನೋಡಿದರೆ ಅದು ನಿಜ. ಆ ಚಳಿಗಾಲವನ್ನು ನೆನೆದು ನಾವು ಕಳೆದುಕೊಂಡವರನ್ನು ಎಣಿಸಲು ಕುಳಿತರೆ ತಮ್ಮನ ಹೆಸರು ಬರುವುದಿಲ್ಲ. ನನಗೆ ಸಿಗದೆ ಹೋದ ಒಬ್ಬ ಮಾವ ಬರುತ್ತಾನೆ. ಅವನದೊಂದು ಪಟವೂ ಇಲ್ಲ. ಈಗ ಅಜ್ಜಿಯೂ ಇಲ್ಲ, ಅವನ ಮುಖ ಹೇಗಿತ್ತೆಂದು ಬಲ್ಲವರು ಯಾರೂ ಉಳಿದಿಲ್ಲ.

ಆ ವರ್ಷದ ಬೇಸಿಗೆಯ ರಜೆಗೆ ಊರಿಗೆ ಹೋದಾಗ ಅಜ್ಜಿಯನ್ನು ಕೇಳಿದ್ದೆ. "ಡಾಕ್ಟರ್ ಹೇಳಿದ್ದನ್ನ ಇಲ್ಲಿ ಎಲ್ಲರಿಗೂ ಹೇಳಿದ್ರಾ ಅಜ್ಜಿ?"

ಅಜ್ಜಿ ಜಗುಲಿಯ ಮೇಲೆ ಕುಳಿತು ಅಕ್ಕಿ ಆರಿಸುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ಯಾರಿಗ್ ಹೇಳನವ್ವ? ಅಂದೋರೆಲ್ಲ ಹೋದ್ರು."